ಸಂಘ ಕಟ್ಟುವುದೂ ಹೊಸತನವೇ: ಹುಕ್ಕೇರಿ ಸೀಮೆಯಲ್ಲಿ ಶುಂಪೇಟರ್

ಹುಕ್ಕೇರಿ ತಾಲೂಕಿನಲ್ಲಿ ಕರೆಂಟು ಹೋದರೆ ಜನ ದೂರು ಕೊಡುವುದು ಸರಕಾರಿ ವಿದ್ಯುತ್ ಕಂಪನಿಯಾದ ಹೆಸ್ಕಾಂಗೆ ಅಲ್ಲ, ಸೊಸೈಟಿಗೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಹತ್ತರಗಿ ಇರಲಿ, ಹಿಡಕಲ್ ಜಲಾಶಯದ ಆಸುಪಾಸಿನ ಊರುಗಳಿರಲಿ, ಮನೆಯ ದೀಪಕ್ಕೂ ಬಾವಿಯ ಪಂಪ್‌ಸೆಟ್ಟಿಗೂ ವಿದ್ಯುತ್ ಹಂಚುವ ಹೊಣೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. 1969ರಲ್ಲಿ ನೋಂದಣಿಯಾದ ಈ ಸಂಘದಂಥದು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಪಕ್ಕದ ಗೋಕಾಕ, ಮೂಡಲಗಿ ತಾಲೂಕುಗಳಿಗೆ ಕಾಲಿಟ್ಟರೆ ಕಂಬವೂ ತಂತಿಯೂ ಬಿಲ್ಲೂ ಸರಕಾರಿ ಕಂಪನಿಯವು. ಹುಕ್ಕೇರಿಯಲ್ಲಿ ಮಾತ್ರ ಬಳಕೆದಾರರೇ ಸದಸ್ಯರಾಗಿರುವ, ಆಡಳಿತ ಮಂಡಳಿಗೆ ಮತ ಹಾಕಿ ಆರಿಸುವ ಒಂದು ಸಹಕಾರಿ ಸಂಸ್ಥೆಯವು. ಅಲ್ಲಿಯವರಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ ಇದನ್ನು ಯಾರೂ ಹೊಸತನವೆಂದು ಕರೆಯುವುದಿಲ್ಲ. ಹೊಸತನ, ಉದ್ಯಮಶೀಲತೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಂಗಳೂರಿನ ಗಾಜಿನ ಕಟ್ಟಡ, ಮೊಬೈಲ್ ಆ್ಯಪ್, ಇಪ್ಪತ್ತೈದು ತುಂಬುವ ಮೊದಲೇ ಕೋಟಿ ಎಣಿಸುವ ಸಂಸ್ಥಾಪಕ. ಆದರೆ ಈ ವಿಷಯವನ್ನು ತನ್ನ ಇಡೀ ಶಾಸ್ತ್ರದ ನಡುಗಂಬವಾಗಿ ನಿಲ್ಲಿಸಿದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೇಟರ್ ಅವರ ಅಳತೆಗೋಲು ಹಿಡಿದು ನೋಡಿದರೆ, ಹುಕ್ಕೇರಿಯ ಸೊಸೈಟಿಗೆ ಮೊದಲ ಸಾಲಿನಲ್ಲೇ ಜಾಗ ಸಿಗಬೇಕು. ಅದನ್ನು ಹಾಗೆ ಕಾಣದಿರುವುದರಿಂದ ನಾವು ಒಂದು ಮುಖ್ಯ ಸಾಮರ್ಥ್ಯವನ್ನೇ ಮರೆಯುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಶುಂಪೇಟರ್ ಹುಟ್ಟಿದ್ದು 1883ರಲ್ಲಿ, ಆಗಿನ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದ ಮೊರಾವಿಯಾ ಪ್ರಾಂತದ ಟ್ರೀಶ್ ಎಂಬ ಸಣ್ಣ ಊರಿನಲ್ಲಿ. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಮನೆತನದ ಕಸುಬು ಬಟ್ಟೆ ಕಾರ್ಖಾನೆ. 1911ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಅವರು ಜರ್ಮನ್ ಭಾಷೆಯಲ್ಲಿ ಬರೆದ ಆರ್ಥಿಕ ಅಭಿವೃದ್ಧಿಯ ಸಿದ್ಧಾಂತ ಹೊರಬಂತು. ಅವರ ಕಾಲದ ಅರ್ಥಶಾಸ್ತ್ರ ಬೇಡಿಕೆ, ಪೂರೈಕೆ, ಬೆಲೆಗಳು ಹೇಗೆ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತವೆ ಎಂಬುದನ್ನು ಚೆನ್ನಾಗಿ ವಿವರಿಸುತ್ತಿತ್ತು. ಆ ಸಮತೋಲ ಕದಲುವುದು ಹೇಗೆಂದು ಕೇಳಿದವರು ಶುಂಪೇಟರ್. ಬಿತ್ತು, ಬೆಳೆ, ಮಾರು, ಮತ್ತೆ ಬಿತ್ತು ಎಂದು ವರ್ಷವರ್ಷವೂ ಅದೇ ದಾರಿಯಲ್ಲಿ ಸುತ್ತುವ ಆರ್ಥಿಕತೆಯನ್ನು ಅವರು ಮೊದಲು ಕಲ್ಪಿಸಿಕೊಂಡರು. ಅಲ್ಲಿ ಜನಸಂಖ್ಯೆ ಹೆಚ್ಚಬಹುದು, ಉಳಿತಾಯ ಹೆಚ್ಚಬಹುದು. ಆರ್ಥಿಕತೆ ಗಾತ್ರದಲ್ಲಿ ಹಿಗ್ಗಬಹುದು. ಅದು ಅವರ ಪ್ರಕಾರ ಅಭಿವೃದ್ಧಿಯಲ್ಲ. ಟಪಾಲು ಗಾಡಿಗಳ ಸಂಖ್ಯೆ ಬೆಳೆಯುವುದು ಒಂದು, ಅವುಗಳ ಜಾಗಕ್ಕೆ ರೈಲು ಬರುವುದು ಇನ್ನೊಂದು ಎಂಬ ಅವರ ಉದಾಹರಣೆ ಪ್ರಸಿದ್ಧ. ಇರುವ ವಸ್ತುಗಳನ್ನೂ ಬಲಗಳನ್ನೂ ಯಾರೋ ಹೊಸ ರೀತಿಯಲ್ಲಿ ಜೋಡಿಸಿದಾಗ ಮಾತ್ರ ಆರ್ಥಿಕತೆ ಹಳೆಯ ಸುತ್ತು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಆ ಹೊಸ ಜೋಡಣೆ ಹೊಸ ಸರಕಾಗಿರಬಹುದು, ಹೊಸ ತಯಾರಿಕಾ ವಿಧಾನವಾಗಿರಬಹುದು, ಹೊಸ ಮಾರುಕಟ್ಟೆಯಾಗಿರಬಹುದು, ಕಚ್ಚಾ ಮಾಲಿನ ಹೊಸ ಮೂಲವಾಗಿರಬಹುದು. ಅಥವಾ ಒಂದು ಉದ್ಯಮವನ್ನು ಹೊಸದಾಗಿ ಸಂಘಟಿಸುವ ಬಗೆಯೇ ಆಗಿರಬಹುದು. ಮೊದಲ ನಾಲ್ಕನ್ನು ಎಲ್ಲರೂ ನೆನಪಿಡುತ್ತಾರೆ. ಐದನೆಯದು ಕೈತಪ್ಪುತ್ತದೆ.

ಈ ಸಿದ್ಧಾಂತದಲ್ಲಿ ಇನ್ನೂ ಎರಡು ಮಾತುಗಳಿವೆ, ಅವನ್ನು ಬಿಟ್ಟರೆ ಉಳಿದದ್ದಕ್ಕೆ ಬಲವಿಲ್ಲ. ಹೊಸ ಜೋಡಣೆ ಮಾಡುವವನು ಸಂಶೋಧಕನೇ ಆಗಿರಬೇಕಿಲ್ಲ. ಕಂಡುಹಿಡಿಯುವುದು ಬೇರೆ, ಕಂಡುಹಿಡಿದದ್ದನ್ನು ಬಾಳಿನಲ್ಲಿ ಜಾರಿಗೆ ತರುವುದು ಬೇರೆ. ಅವನು ಹಣವಂತನೂ ಆಗಿರಬೇಕಿಲ್ಲ. ಹಣ ಬರುವುದು ಸಾಲದಿಂದ. ಬ್ಯಾಂಕು ಸಾಲ ಕೊಟ್ಟಾಗಲೇ ಕೂಲಿ, ಕಬ್ಬಿಣ, ಭೂಮಿ ಎಲ್ಲವೂ ಹಳೆಯ ಬಳಕೆಯಿಂದ ಬಿಡಿಸಿಕೊಂಡು ಹೊಸ ಬಳಕೆಗೆ ಬರುತ್ತವೆ. ಹಾಗಾಗಿ ಉದ್ಯಮಶೀಲತೆ ಎಂಬುದು ಒಂದು ವರ್ಗವಲ್ಲ, ಒಂದು ಜಾತಿಯಲ್ಲ, ಬದುಕಿಡೀ ಅಂಟಿಕೊಂಡಿರುವ ಬಿರುದೂ ಅಲ್ಲ. ಅದು ಒಂದು ಕೆಲಸ. ಆ ಕೆಲಸ ನಡೆಯುತ್ತಿರುವಷ್ಟು ಹೊತ್ತು ಮಾಡುವವನು ಉದ್ಯಮಶೀಲ. ಮುಗಿದು ದಿನನಿತ್ಯದ ವಹಿವಾಟು ಶುರುವಾದ ಮೇಲೆ ಅವನು ಬರೀ ವ್ಯವಸ್ಥಾಪಕ. ಸ್ವತಃ ಶುಂಪೇಟರ್ ಅವರ ಬದುಕೂ ಏರಿಳಿತದ್ದೇ: 1919ರಲ್ಲಿ ಕೆಲವು ತಿಂಗಳು ಆಸ್ಟ್ರಿಯಾದ ಹಣಕಾಸು ಮಂತ್ರಿ, ಆಮೇಲೆ ವಿಯೆನ್ನಾದ ಒಂದು ಬ್ಯಾಂಕಿನ ಅಧ್ಯಕ್ಷ, 1924ರಲ್ಲಿ ಆ ಬ್ಯಾಂಕು ಕುಸಿದಾಗ ಸಾಲಗಾರ, 1932ರಿಂದ 1950ರಲ್ಲಿ ತೀರಿಕೊಳ್ಳುವವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಸಾಲದ ಬಲವನ್ನೂ ಅದರ ಅಪಾಯವನ್ನೂ ಅವರು ಪುಸ್ತಕದಾಚೆಗೂ ಬಲ್ಲವರಾಗಿದ್ದರು.

ಈಗ ಘಟಪ್ರಭೆಯ ದಂಡೆಗೆ ಬರೋಣ. ಗೋಕಾಕದ ಬಳಿ ನದಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಆ ಬೀಳು ಯಾವ ಕಾಲದಿಂದಲೂ ಇತ್ತು. ಅದನ್ನು ನೋಡಲು ಜನ ಬರುತ್ತಿದ್ದರು, ದಂಡೆಯ ಮೇಲೆ ಚಾಲುಕ್ಯರ ಕಾಲದ ದೇವಾಲಯಗಳೂ ಎದ್ದಿದ್ದವು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು. ಬೀಳುವ ನೀರಿನಿಂದ ಚಕ್ರ ತಿರುಗಿಸುವ ಯಂತ್ರಗಳು ಯುರೋಪಿನಲ್ಲಿ ಆಗಲೇ ತಯಾರಾಗುತ್ತಿದ್ದವು. ಮುಂಬಯಿಯ ಗಿರಣಿಗಳು ಕಲ್ಲಿದ್ದಲಿನ ಹಬೆಯಿಂದ ನಡೆಯುತ್ತಿದ್ದವು. ಆದರೆ ಕಲ್ಲಿದ್ದಲಿನ ಗಣಿಗಳಿಂದ ದೂರದ ಈ ಒಳನಾಡಿನಲ್ಲಿ ಹಬೆಯ ಗಿರಣಿ ಕಟ್ಟುವುದು ಲೆಕ್ಕಕ್ಕೆ ಒಗ್ಗುತ್ತಿರಲಿಲ್ಲ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಈ ಸೀಮೆಗೆ ಹಳಿ ಹಾಸಿದಾಗ ಲೆಕ್ಕ ಬದಲಾಯಿತು. 1885ರಲ್ಲಿ ಕಂಪನಿ ಕಟ್ಟಿ, 1887ರಲ್ಲಿ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ಶುರು ಮಾಡಿದರು. ಮುಂದೆ ಫೋರ್ಬ್ಸ್ ಹೆಸರಿನ ಕಂಪನಿಯ ಜೊತೆಗೆ ಅದು ಬೆಳೆಯಿತು. ಇಲ್ಲಿ ಯಾರೂ ಏನನ್ನೂ ಕಂಡುಹಿಡಿಯಲಿಲ್ಲ. ಹತ್ತಿ ಹಳೆಯದು, ಜಲಪಾತ ಹಳೆಯದು, ಯಂತ್ರ ಬೇರೆಯವರದು, ಹಳಿ ಬೇರೊಂದು ಕಂಪನಿಯದು. ಇವನ್ನೆಲ್ಲ ಒಂದೇ ಕಡೆ ಕೂಡಿಸಿ, ಅದಕ್ಕೆ ಹಣ ಹೊಂದಿಸಿ, ಕಲ್ಲುಬಂಡೆಯ ಮೇಲೊಂದು ಕಾರ್ಮಿಕರ ಊರನ್ನೇ ಎಬ್ಬಿಸಿದ್ದೇ ಹೊಸದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅದಕ್ಕೂ ಒಂದೂವರೆ ದಶಕ ಮೊದಲೇ ಕನ್ನಡ ನಾಡಿನ ಒಂದು ಜಲಪಾತ ಆಧುನಿಕ ಕಾರ್ಖಾನೆಯೊಂದನ್ನು ನಡೆಸುತ್ತಿತ್ತು. ಶುಂಪೇಟರ್ ಆಗಿನ್ನೂ ನಾಲ್ಕು ವರ್ಷದ ಮಗು.

ಗೋಕಾಕದ ಗಿರಣಿಯ ಹಿಂದೆ ದೊಡ್ಡ ಬಂಡವಾಳವಿತ್ತು, ವಸಾಹತು ಸರಕಾರದ ಅನುಕೂಲವಿತ್ತು. ಹಾಗಾಗಿ ಹೊಸತನಕ್ಕೆ ಎದುರಾಗುವ ತಡೆ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಇದೇ ಬೆಳಗಾವಿ ಜಿಲ್ಲೆಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನು ನೋಡಬೇಕು. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋಗಿ, ಬಣ್ಣ ಗುರುತಿಸುವಲ್ಲಿ ಕಣ್ಣಿಗೆ ಕೊರತೆಯಿದೆಯೆಂದು ತಿಳಿದು, ಯಂತ್ರಗಳ ನಕ್ಷೆ ಬರೆಯುವ ಕಡೆ ಹೊರಳಿದವರು. ಬೆಳಗಾವಿಗೆ ಮರಳಿ ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರ ಮಾಡಿ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಹೊಸ ಜೋಡಣೆಗೆ ಮೂರು ಕಡೆಯಿಂದ ತಡೆ ಬರುತ್ತದೆ ಎಂದು ಶುಂಪೇಟರ್ ವಿವರಿಸಿದ್ದಾರೆ: ಹಿಂದೆ ಯಾರೂ ನಡೆಯದ ದಾರಿಯಾದ್ದರಿಂದ ಲೆಕ್ಕ ಹಾಕಲು ಆಧಾರವಿರುವುದಿಲ್ಲ, ಮಾಡುವವನ ಮನಸ್ಸೇ ಹಳೆಯ ರೂಢಿಗೆ ಎಳೆಯುತ್ತದೆ, ಸುತ್ತಲಿನ ಸಮಾಜ ಮುನಿಯುತ್ತದೆ. ಬೆಳಗಾವಿಯಲ್ಲಿ ಈ ಮೂರೂ ಒಟ್ಟಿಗೆ ಇದ್ದವು. ಮೇಲಾಗಿ ಊರು ವಿಸ್ತರಿಸಲು ಕಾರ್ಖಾನೆಯ ಜಾಗ ಬೇಕೆಂದು ನಗರಸಭೆ ಅವರನ್ನು ಎಬ್ಬಿಸಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಅವರು ಕೊಟ್ಟ ಜಾಗ ಮತ್ತು ಹತ್ತು ಸಾವಿರ ರೂಪಾಯಿ ಸಾಲದಿಂದ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಸಾಲ ಕೊಡುವವನಿಲ್ಲದೆ ಹೊಸತನವಿಲ್ಲ ಎಂದು ಶುಂಪೇಟರ್ ಬರೆದದ್ದು ಇದರ ಮರುವರ್ಷ. ಬೆಳಗಾವಿ ಜಿಲ್ಲೆಯ ಮಣ್ಣಿನಲ್ಲಿ ಬೆಳೆದ ಉದ್ಯಮ ಆ ಜಿಲ್ಲೆಗೆ ಉಳಿಯದೆ ಹೋದದ್ದು ಬುದ್ಧಿಯ ಕೊರತೆಯಿಂದಲ್ಲ. ನಂಬಿ ಸಾಲ ಕೊಡುವ, ಜಾಗ ಕೊಡುವ ಕೈ ಇಲ್ಲಿ ಸಿಗಲಿಲ್ಲ.

ಇಷ್ಟು ಹಿನ್ನೆಲೆಯಿಟ್ಟುಕೊಂಡು ಹುಕ್ಕೇರಿಯ ಸೊಸೈಟಿಯನ್ನು ನೋಡಿದರೆ ಅದರ ಸ್ವರೂಪ ಬೇರೆಯಾಗಿ ಕಾಣುತ್ತದೆ. 1960ರ ದಶಕದಲ್ಲಿ ಹಳ್ಳಿಗೆ ವಿದ್ಯುತ್ ಒಯ್ಯುವುದು ಯಾವ ಕಂಪನಿಗೂ, ಯಾವ ವಿದ್ಯುತ್ ಮಂಡಳಿಗೂ ಲಾಭದ ಮಾತಾಗಿರಲಿಲ್ಲ. ಪೇಟೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರಿನಿಂದ ಒಂದು ಓಣಿ ಪೂರ್ತಿ ಬೆಳಗುತ್ತದೆ. ಹಳ್ಳಿಯಲ್ಲಿ ಮೈಲುಗಟ್ಟಲೆ ಕಂಬ ನೆಟ್ಟು ತಂತಿ ಎಳೆದ ಮೇಲೆ ಸಿಗುವುದು ನಾಲ್ಕಾರು ಬಾವಿ, ಹತ್ತಿಪ್ಪತ್ತು ದೀಪ. ಬಳಕೆ ಕಡಿಮೆಯೆಂದು ಲೈನು ಬರುವುದಿಲ್ಲ, ಲೈನಿಲ್ಲವೆಂದು ಬಳಕೆ ಹೆಚ್ಚುವುದಿಲ್ಲ. ಅತ್ತ 1965–66 ಮತ್ತು 1966–67ರ ಬರ ದೇಶವನ್ನು ಕಂಗೆಡಿಸಿತ್ತು. ಬಾವಿಯ ನೀರನ್ನು ಎತ್ತುಗಳಿಂದ ಎತ್ತಿಸುತ್ತ ಕೂತರೆ ಅನ್ನ ಸಾಲದು ಎಂಬುದು ದಿಲ್ಲಿಗೂ ಮನದಟ್ಟಾಗಿತ್ತು. ಬಿ. ವೆಂಕಟಪ್ಪಯ್ಯ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ್ದ ಗ್ರಾಮೀಣ ಸಾಲ ಪರಿಶೀಲನಾ ಸಮಿತಿ, ಹಳ್ಳಿಗಳ ವಿದ್ಯುದೀಕರಣಕ್ಕೆಂದೇ ಸಾಲ ಕೊಡುವ ಒಂದು ಸಂಸ್ಥೆ ಬೇಕೆಂದು ಹೇಳಿತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ, ಅಂದರೆ ಆರ್‌ಇಸಿ, ಹುಟ್ಟಿದ್ದು ಹಾಗೆ. ಅದೇ ಹೊತ್ತಿಗೆ ದೇಶದ ಐದು ಕಡೆ ಪ್ರಯೋಗವಾಗಿ ವಿದ್ಯುತ್ ಸಹಕಾರಿ ಸಂಘಗಳನ್ನು ಕಟ್ಟಲಾಯಿತು: ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ–ಪ್ರವರಾ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಸೀಮೆ, ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ.

ಇಲ್ಲಿ ಏನು ಹೊಸದು? ಕಂಬವಲ್ಲ, ತಂತಿಯಲ್ಲ, ಮೋಟರಲ್ಲ. ಸಹಕಾರವೂ ಅಲ್ಲ, 1904ರ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದರಿಂದ ಈ ಭಾಗದ ರೈತನಿಗೆ ಷೇರು, ಠರಾವು, ಮಹಾಸಭೆ ಎಲ್ಲ ಪರಿಚಿತವಾಗಿದ್ದವು. ಹೊಸದಾಗಿದ್ದದ್ದು ಲೆಕ್ಕದ ರೀತಿ. ಬಳಕೆದಾರನೇ ಷೇರುದಾರನಾದಾಗ ಲೈನು ಎಳೆಯುವುದಕ್ಕೆ ಇದ್ದ ಅಡ್ಡಿ ಅರ್ಧ ಕರಗಿತು. ಇಡೀ ತಾಲೂಕನ್ನು ಒಂದೇ ಘಟಕವಾಗಿ ಹಿಡಿದದ್ದರಿಂದ ಸಂಕೇಶ್ವರದಂಥ ಪೇಟೆಯ ಬಳಕೆ, ದೂರದ ಮಡ್ಡಿಯ ನಾಲ್ಕು ಬಾವಿಗಳ ಬಳಕೆ ಒಂದೇ ಖಾತೆಗೆ ಬಂದವು. ಪಂಪ್‌ಸೆಟ್ಟು ಹೆಚ್ಚಿದಷ್ಟೂ ಮಾರಾಟ ಹೆಚ್ಚುತ್ತದೆ, ಮಾರಾಟ ಹೆಚ್ಚಿದಷ್ಟೂ ಮುಂದಿನ ಲೈನಿಗೆ ದಾರಿಯಾಗುತ್ತದೆ. ಇದಕ್ಕೆ ಬೇಕಾದ ದೊಡ್ಡ ಮೊತ್ತವನ್ನು ಸದಸ್ಯರ ಷೇರು ಹಣ ತುಂಬಲು ಸಾಧ್ಯವಿರಲಿಲ್ಲ. ತುಂಬಿದ್ದು ಆರ್‌ಇಸಿಯ ದೀರ್ಘಾವಧಿ ಸಾಲ. ಸಾಲಿಗ, ಸಂಘಟಕ, ಬಳಕೆದಾರ ಎಂಬ ಮೂವರು ಹೊಸ ಒಪ್ಪಂದಕ್ಕೆ ಬಂದದ್ದರಿಂದ, ಹಳ್ಳಿಯ ಕರೆಂಟು ನಷ್ಟದ ಬಾಬತ್ತು ಎಂಬ ಗಟ್ಟಿ ಲೆಕ್ಕವೇ ಸಡಿಲಾಯಿತು. ಶುಂಪೇಟರ್ ಹೇಳಿದ ಐದನೆಯ ಬಗೆಗೆ, ಹೊಸ ಸಂಘಟನೆಗೆ, ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ.

ಇದಕ್ಕೆ ಮೊದಲ ಆಕ್ಷೇಪ ಸಹಜವಾಗಿಯೇ ಬರುತ್ತದೆ. ಈ ಕಲ್ಪನೆ ಅಮೆರಿಕದಿಂದ ಬಂದದ್ದಲ್ಲವೇ? 1935ರಲ್ಲಿ ರೂಸ್‌ವೆಲ್ಟ್ ಸರಕಾರ ಗ್ರಾಮೀಣ ವಿದ್ಯುದೀಕರಣದ ಇಲಾಖೆ ತೆರೆದಾಗ ಅಲ್ಲಿನ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಸರಕಾರ ಸಾಲ ಕೊಟ್ಟಿತು, ರೈತರು ಸಹಕಾರಿ ಸಂಘ ಕಟ್ಟಿ ಲೈನು ಎಳೆದರು. ಆ ಸಂಘಗಳ ಒಕ್ಕೂಟದ ತಜ್ಞರೇ ಭಾರತಕ್ಕೆ ಬಂದು ಸಲಹೆ ಕೊಟ್ಟರು. ಕಲ್ಪನೆ ಅವರದು, ಸಾಲ ಸರಕಾರದ್ದು, ಹಾಗಿದ್ದ ಮೇಲೆ ಹುಕ್ಕೇರಿಯವರ ಉದ್ಯಮಶೀಲತೆ ಎಲ್ಲಿ ಬಂತು? ಈ ಪ್ರಶ್ನೆಯಲ್ಲಿ ಅಡಗಿರುವುದು ಸಂಶೋಧನೆ ಮತ್ತು ಜಾರಿಗಳ ನಡುವಿನ ಅದೇ ಹಳೆಯ ಗೊಂದಲ. ಗೋಕಾಕದ ಗಿರಣಿಯ ಯಂತ್ರವೂ ಹೊರಗಿನದೇ, ನೇಗಿಲಿನ ಮಾದರಿಯೂ ಹೊರಗಿನದೇ. ಒಂದು ಕಲ್ಪನೆ ಎಲ್ಲಿ ಹುಟ್ಟಿತೆಂಬುದು ಶುಂಪೇಟರ್ ಅವರಿಗೆ ಮುಖ್ಯವಲ್ಲ. ಅದನ್ನು ಈ ಮಣ್ಣಿನಲ್ಲಿ, ಈ ಜನರ ನಡುವೆ, ಇಲ್ಲಿನ ತಡೆಗಳನ್ನು ದಾಟಿಸಿ ನಿಲ್ಲಿಸಿದವರು ಯಾರೆಂಬುದು ಮುಖ್ಯ. ಅಮೆರಿಕದ ಸಲಹೆಯ ಕಾಗದ ದೇಶದ ಐದೂ ಕಡೆಗಳಿಗೆ ಬಂದಿತ್ತು. ಹೊಲದ ನಡುವೆ ಕಂಬ ನೆಡಲು ಒಪ್ಪಿಸುವುದು, ಷೇರು ಮಾಡಿಸುವುದು, ಲೈನ್‌ಮನ್ನುಗಳನ್ನು ತಯಾರು ಮಾಡುವುದು, ಬಿಲ್ಲು ವಸೂಲು ಮಾಡುವುದು ಯಾವ ಕಾಗದದಿಂದಲೂ ಆಗುವ ಕೆಲಸಗಳಲ್ಲ. ಇಂಥ ಕೆಲಸವನ್ನು ಒಬ್ಬನೇ ಮಾಡಿದನೋ ಹತ್ತು ಮಂದಿ ಸೇರಿ ಮಾಡಿದರೋ ಎಂಬುದರಿಂದ ಅದರ ಗುಣ ಬದಲಾಗುವುದಿಲ್ಲ. ಉದ್ಯಮಶೀಲತೆ ಒಂದು ಕಾರ್ಯವೆಂದಾದರೆ ಅದನ್ನು ಒಂದು ಗುಂಪೂ ನಿರ್ವಹಿಸಬಹುದು. ಶುಂಪೇಟರ್ ಸಹ ತಮ್ಮ ಕೊನೆಯ ವರ್ಷಗಳಲ್ಲಿ ಇದನ್ನು ಒಪ್ಪಿಕೊಂಡು, ಅಮೆರಿಕದ ಕೃಷಿ ಇಲಾಖೆಯೇ ರೈತರ ಪಾಲಿಗೆ ಉದ್ಯಮಶೀಲನ ಕೆಲಸ ಮಾಡಿದೆಯೆಂದು ಗುರುತಿಸಿದ್ದರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸೊಸೈಟಿ ತಾನೇ ವಿದ್ಯುತ್ ಉತ್ಪಾದಿಸಿ ಹಂಚುವುದಿಲ್ಲ, ಬೇರೆಯವರಿಂದ ಕೊಂಡು ಹಂಚುತ್ತದೆ. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇರುವುದರಿಂದ ಆದಾಯದ ದೊಡ್ಡ ಪಾಲು ಸರಕಾರದ ಸಹಾಯಧನದ ರೂಪದಲ್ಲಿ ಬರಬೇಕು. ಆಡಳಿತ ಮಂಡಳಿಯ ಚುನಾವಣೆ ಜಿಲ್ಲೆಯ ರಾಜಕಾರಣದ ಬಲಪರೀಕ್ಷೆಯ ಕಣವಾಗುತ್ತದೆ. 1969ರ ಐದು ಸಂಘಗಳಲ್ಲಿ ಮುಳಾ–ಪ್ರವರಾ ಒಂದು ಕಾಲಕ್ಕೆ ಬಹಳ ದೊಡ್ಡದಾಗಿ ಬೆಳೆದು, ವಿದ್ಯುತ್ ಕೊಂಡ ಬಾಕಿಯ ಭಾರದಲ್ಲಿ ಸಿಲುಕಿ, 2011ರಲ್ಲಿ ಹಂಚಿಕೆಯ ಹೊಣೆ ಕಳೆದುಕೊಂಡಿತು. ಹೀಗಿರುವಾಗ ಹುಕ್ಕೇರಿಯನ್ನು ಮಾದರಿಯೆಂದು ಎತ್ತಿ ಹಿಡಿಯುವುದು ಸರಿಯೇ? ಈ ಮಾತಿನಲ್ಲಿರುವ ಸತ್ಯವನ್ನು ಒಪ್ಪಲೇಬೇಕು. ವಿಲಿಯಂ ಬೌಮಲ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ 1990ರಲ್ಲಿ ಬರೆದ ಪ್ರಬಂಧ ಇಲ್ಲಿ ನೆರವಿಗೆ ಬರುತ್ತದೆ. ಸಾಹಸಿಗಳ ಸಂಖ್ಯೆ ಎಲ್ಲ ಸಮಾಜಗಳಲ್ಲೂ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅವರ ಶಕ್ತಿ ಉತ್ಪಾದನೆಗೆ ಹರಿಯುತ್ತದೋ ಅಧಿಕಾರದ ಕುರ್ಚಿಗೆ ಹರಿಯುತ್ತದೋ ಎಂಬುದನ್ನು ನಿಯಮಗಳು ಮತ್ತು ಪ್ರತಿಫಲಗಳು ನಿರ್ಧರಿಸುತ್ತವೆ ಎಂದು ಅವರು ವಾದಿಸಿದರು. ನಮ್ಮ ಸಹಕಾರಿ ಕ್ಷೇತ್ರದ ನೋವಿನ ಕಥೆ ಬಹುಮಟ್ಟಿಗೆ ಇದೇ. ಸಂಘ ಕಟ್ಟಿದಾಗ ಇದ್ದ ಪ್ರತಿಫಲ ಊರಿಗೆ ಬೆಳಕು ತಂದ ಹೆಸರು. ಕಟ್ಟಿ ಮುಗಿದ ಮೇಲಿನ ಪ್ರತಿಫಲ ಕುರ್ಚಿ.

ಆದರೂ ಈ ಆಕ್ಷೇಪದಿಂದ ಮೂಲ ವಾದ ಬೀಳುವುದಿಲ್ಲ. ಉದ್ಯಮಶೀಲತೆ ಶಾಶ್ವತ ಗುಣವೆಂದು ಶುಂಪೇಟರ್ ಎಲ್ಲೂ ಹೇಳಲಿಲ್ಲವಲ್ಲ. ಹೊಸ ಜೋಡಣೆ ರೂಢಿಯಾದ ಮೇಲೆ ಅದರ ವಿಶೇಷ ಲಾಭ ಕರಗುತ್ತದೆ, ಅನುಕರಿಸುವವರು ಗುಂಪಾಗಿ ಬರುತ್ತಾರೆ, ಮಾಡಿದವರು ಬರೀ ನಡೆಸುವವರಾಗುತ್ತಾರೆ. ಗೋಕಾಕದ ಕರದಂಟನ್ನೇ ನೋಡಿ. ಬೆಲ್ಲ, ಅಂಟು, ಒಣಹಣ್ಣು ಮನೆಯಲ್ಲೇ ಬಾಣಂತಿಗೆ ಮಾಡಿ ಕೊಡುತ್ತಿದ್ದ ತಿನಿಸಿಗೆ ಬೇಕಾದ ವಸ್ತುಗಳು. ಅದನ್ನು ಊರಿನ ಹೆಸರಿನ ಜೊತೆ ಬೆಸೆದು ಪ್ಯಾಕೆಟ್ಟಿನಲ್ಲಿಟ್ಟು ದೂರದ ಪೇಟೆಗೆ ಮಾರಿದ್ದು ಹೊಸ ಸರಕು, ಹೊಸ ಮಾರುಕಟ್ಟೆ ಎರಡೂ ಕೂಡಿದ ಹೆಜ್ಜೆ. ಇಂದು ಹತ್ತಾರು ಅಂಗಡಿಗಳು ಅದನ್ನೇ ಮಾಡುತ್ತವೆ, ಅಮೀನಗಡದ ಕರದಂಟಿಗೂ ತನ್ನದೇ ಹೆಸರಿದೆ. ಇವತ್ತು ಹೊಸದಾಗಿ ಕರದಂಟಿನ ಅಂಗಡಿ ತೆರೆದವರು ಒಳ್ಳೆಯ ವ್ಯಾಪಾರಿಗಳು, ಶುಂಪೇಟರ್ ಅರ್ಥದ ಉದ್ಯಮಶೀಲರಲ್ಲ. ಸೊಸೈಟಿಯದೂ ಇದೇ ಸ್ಥಿತಿ. ಅದು ಐವತ್ತು ವರ್ಷಗಳಿಂದ ಉಳಿದುಬಂದಿದೆ ಎಂಬ ಕಾರಣಕ್ಕೆ ನಾನು ಅದನ್ನು ಹೊಗಳುತ್ತಿಲ್ಲ. 1969ರಲ್ಲಿ ಅದು ಮಾಡಿದ ಜೋಡಣೆ ಹೊಸದಾಗಿತ್ತು ಎಂಬ ಕಾರಣಕ್ಕೆ ಅದನ್ನು ಇತಿಹಾಸದಲ್ಲಿ ಸರಿಯಾದ ಜಾಗದಲ್ಲಿಡಬೇಕು ಎನ್ನುತ್ತಿದ್ದೇನೆ. ಅದರ ಇಂದಿನ ಕಷ್ಟಗಳು ಮುಂದಿನ ಜೋಡಣೆ ತಡವಾಗಿದೆ ಎಂಬುದರ ಸೂಚನೆ.

ಈವರೆಗೆ ಕಟ್ಟಿದ್ದರ ಮಾತಾಯಿತು, ಕೆಡವಿದ್ದರ ಮಾತನ್ನೂ ಆಡಬೇಕು. 1942ರ ಪುಸ್ತಕದಲ್ಲಿ ಶುಂಪೇಟರ್ ಬಳಸಿದ ಸೃಜನಶೀಲ ವಿನಾಶ ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. ಹೊಸದು ಹಳೆಯದರ ಪಕ್ಕದಲ್ಲಿ ಸುಮ್ಮನೆ ಬಂದು ನಿಲ್ಲುವುದಿಲ್ಲ, ಅದನ್ನು ಬುಡಸಮೇತ ಕೀಳುತ್ತದೆ. ಗಿರಣಿಯ ನೂಲು ಬಂದಾಗ ಹಳ್ಳಿಗಳಲ್ಲಿ ರಾಟಿ ತಿರುಗಿಸಿ ನಾಲ್ಕು ಕಾಸು ಗಳಿಸುತ್ತಿದ್ದ ಹೆಂಗಸರ ಕೆಲಸ ಹೋಯಿತು. ಅದೇ ಅಗ್ಗದ ನೂಲಿನಿಂದ ಕೈಮಗ್ಗದವರು ಇನ್ನಷ್ಟು ಕಾಲ ಬದುಕಿಕೊಂಡರು. ಆಮೇಲೆ ವಿದ್ಯುತ್ ಮಗ್ಗ ಬಂದು ಅವರನ್ನೂ ಹಿಂಡಿತು. ಕಬ್ಬಿಣದ ನೇಗಿಲು ರೂಢಿಯಾದಂತೆ ಊರಿನ ಬಡಿಗನ ಆಯದ ಸಂಬಂಧ ಸಡಿಲಾಯಿತು. ಕಾಲುವೆ ನೀರಿನಿಂದ ಕಬ್ಬು ಹಬ್ಬಿದ ಗೋಕಾಕ, ಮೂಡಲಗಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದು ಬೆಲ್ಲದ ಗಾಣಗಳ ಕಬ್ಬನ್ನು ಎಳೆದುಕೊಂಡವು. ಇದರಲ್ಲಿ ಗಮನಿಸಬೇಕಾದದ್ದೇನೆಂದರೆ, ಲಾಭ ಪಡೆದವರೂ ನಷ್ಟ ಹೊತ್ತವರೂ ಒಂದೇ ಜನರಲ್ಲ. ರಾಟಿ ಬಿಟ್ಟ ಮುದುಕಿಗೆ ಗೋಕಾಕದ ಗಿರಣಿಯಲ್ಲಿ ಕೆಲಸ ಸಿಗಲಿಲ್ಲ. ಒಟ್ಟು ಲೆಕ್ಕದಲ್ಲಿ ಸಮಾಜ ಮುಂದೆ ಹೋಯಿತೆಂಬ ಉತ್ತರ ಅವಳಿಗೆ ಉತ್ತರವಲ್ಲ. ಶುಂಪೇಟರ್ ಈ ನೋವನ್ನು ಬಲ್ಲರು, ಆದರೆ ಅದಕ್ಕೆ ಪರಿಹಾರ ಹುಡುಕುವುದಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಅವರ ಚಿಂತನೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಆ ಕೊರತೆಯನ್ನು ತುಂಬುವ ಪ್ರಯತ್ನ ಅವರ ಮುಂದಿನ ತಲೆಮಾರಿನವರಿಂದ ನಡೆದಿದೆ. 2025ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಜೋಯೆಲ್ ಮೋಕಿರ್ ಅವರಿಗೆ, ಇನ್ನರ್ಧ ಫಿಲಿಪ್ ಅಗಿಯೋಂ ಮತ್ತು ಪೀಟರ್ ಹೌವಿಟ್ ಅವರಿಗೆ ಬಂತು. ನಂತರದ ಇಬ್ಬರೂ 1992ರಲ್ಲಿ ಸೃಜನಶೀಲ ವಿನಾಶವನ್ನು ಗಣಿತದ ಚೌಕಟ್ಟಿನಲ್ಲಿ ನಿಲ್ಲಿಸಿ, ದೇಶದ ಬೆಳವಣಿಗೆ ಅದರಿಂದ ಹೇಗೆ ಹುಟ್ಟುತ್ತದೆಂದು ತೋರಿಸಿದವರು. ಅಗಿಯೋಂ ಪದೇ ಪದೇ ಹೇಳುವ ಮಾತೆಂದರೆ, ಮುಳುಗುವ ಉದ್ಯೋಗವನ್ನು ಹಿಡಿದಿಡುವ ಬದಲು ಆ ಉದ್ಯೋಗದಲ್ಲಿದ್ದ ಮನುಷ್ಯನನ್ನು ಹಿಡಿದೆತ್ತಬೇಕು: ಕೆಲಸ ಹೋದವನಿಗೆ ಕೆಲವು ಕಾಲ ಸಂಬಳ, ಹೊಸ ಕೆಲಸದ ತರಬೇತಿ. ಡೆನ್ಮಾರ್ಕ್ ಈ ದಾರಿಯಲ್ಲಿ ನಡೆದ ದೇಶ. ನಮ್ಮಲ್ಲಿ ಹೊಸತನದ ಬಗ್ಗೆ ಇರುವ ಭಯ ಮೂಢನಂಬಿಕೆಯಲ್ಲ. ಬಿದ್ದರೆ ಹಿಡಿಯುವವರಿಲ್ಲ ಎಂಬ ಅನುಭವದಿಂದ ಬಂದ ಎಚ್ಚರ. ಕಬ್ಬಿಣದ ನೇಗಿಲನ್ನು ಒಲ್ಲೆನೆಂದ ರೈತನಿಗೂ ಒಂದು ಲೆಕ್ಕವಿತ್ತು: ನೇಗಿಲು ಕೈಕೊಟ್ಟರೆ ಆ ವರ್ಷದ ಊಟ ಹೋಗುತ್ತಿತ್ತು, ಕಾರ್ಖಾನೆಯವರದಲ್ಲ. ಸಹಕಾರಿ ಸಂಘಟನೆಯ ಬೆಲೆ ಇಲ್ಲಿಯೂ ಇದೆ. ಹೊಸದರ ಅಪಾಯವನ್ನು ಅದು ಒಬ್ಬನ ಹೆಗಲ ಮೇಲಿಂದ ಇಳಿಸಿ ಸಾವಿರ ಹೆಗಲಿಗೆ ಹಂಚುತ್ತದೆ. ಹೊಸತನಕ್ಕೂ ಭದ್ರತೆಗೂ ಜಗಳವೆಂದು ಹೇಳುವವರು ಈ ಒಂದು ತಾಲೂಕಿನ ಅನುಭವವನ್ನಾದರೂ ಪರಿಶೀಲಿಸಬೇಕು.

ಕೊನೆಗಾಲದಲ್ಲಿ ಶುಂಪೇಟರ್ ಅವರಿಗೆ ಒಂದು ನಿರಾಶೆ ಕಾಡಿತ್ತು. ದೊಡ್ಡ ಕಂಪನಿಗಳ ಪ್ರಯೋಗಾಲಯಗಳಲ್ಲಿ ಹೊಸತನವೇ ಗುಮಾಸ್ತರ ಕೆಲಸವಾಗಿಬಿಡುತ್ತದೆ, ಸಾಹಸಿಯ ಕಾಲ ಮುಗಿಯಿತು ಎಂದು ಅವರು ತಿಳಿದಿದ್ದರು. ಆ ಊಹೆ ನಿಜವಾಗಲಿಲ್ಲ. ಆದರೆ ಅದರ ಇನ್ನೊಂದು ರೂಪ ನಮ್ಮಲ್ಲಿ ನಿಜವಾಗುತ್ತಿರುವಂತಿದೆ: ಯಂತ್ರದಲ್ಲಿ, ಆ್ಯಪಿನಲ್ಲಿ ಹೊಸತನ ಹುಡುಕುವವರಿಗೆ ಬಂಡವಾಳವಿದೆ, ಸ್ಪರ್ಧೆಗಳಿವೆ, ಸರಕಾರದ ನೀತಿಯಿದೆ, ಸಂಘಟನೆಯಲ್ಲಿ ಹೊಸತನ ತರುವವರಿಗೆ ಸಾಲ ಕೊಡುವವರು ಅಪರೂಪ. ಹುಕ್ಕೇರಿಗೆ ಈ ಪ್ರಶ್ನೆ ದೂರದ್ದಲ್ಲ. 2019ರಲ್ಲಿ ಕೇಂದ್ರ ಸರಕಾರ ತಂದ ಕುಸುಮ್ ಯೋಜನೆಯಡಿ ಪಂಪ್‌ಸೆಟ್ಟುಗಳ ಫೀಡರುಗಳನ್ನೇ ಸೌರವಿದ್ಯುತ್ತಿಗೆ ಒಗ್ಗಿಸಲು ಅವಕಾಶವಿದೆ. ಬಾವಿಯ ಮೋಟರಿಗೆ ಹಗಲಲ್ಲಿ ವಿದ್ಯುತ್ ಸಿಗುತ್ತದೆ, ರಾತ್ರಿ ಪಾಳಿಯಲ್ಲಿ ಹೊಲಕ್ಕೆ ನೀರು ಬಿಡಲು ಹೋಗಿ ಹಾವು ತುಳಿಯುವ ಭಯ ತಪ್ಪುತ್ತದೆ, ಹೊರಗಿನಿಂದ ಕೊಳ್ಳುವ ವಿದ್ಯುತ್ತಿನ ಹೊರೆ ಇಳಿಯುತ್ತದೆ. ಫಲಕಗಳು ಯಾರ ಹೆಸರಿನಲ್ಲಿರುತ್ತವೆ ಎಂಬುದೇ ಇಲ್ಲಿನ ತಿರುಳು. ಹೊರಗಿನ ಗುತ್ತಿಗೆದಾರ ಇಪ್ಪತ್ತೈದು ವರ್ಷದ ಒಪ್ಪಂದದಲ್ಲಿ ಅವನ್ನು ನಿಲ್ಲಿಸಿದರೆ ಹುಕ್ಕೇರಿಯ ಸದಸ್ಯ ಬೇರೆ ಯಾವುದೇ ತಾಲೂಕಿನ ಗ್ರಾಹಕನಂತೆ ಬಿಲ್ಲಿನ ಇನ್ನೊಂದು ತುದಿಯಲ್ಲಿ ಉಳಿಯುತ್ತಾನೆ. ಸೊಸೈಟಿಯೇ ಸಾಲವೆತ್ತಿ, ಸದಸ್ಯರ ಮಡ್ಡಿ ಜಮೀನನ್ನು ಬಾಡಿಗೆಗೆ ಹಿಡಿದು ಅವನ್ನು ನಿಲ್ಲಿಸಿದರೆ, ವಿದ್ಯುತ್ ಹಂಚುತ್ತಿದ್ದ ಸಂಘ ಉತ್ಪಾದಿಸುವ ಸಂಘವೂ ಆಗುತ್ತದೆ. 1969ರಲ್ಲಿ ಆರ್‌ಇಸಿ ಕೊಟ್ಟಂಥ ದೀರ್ಘಾವಧಿಯ ಸಾಲವನ್ನು ಇಂದು ಯಾರು, ಯಾವ ಬಡ್ಡಿಗೆ, ಯಾವ ಲೆಕ್ಕಪತ್ರದ ಶಿಸ್ತಿನ ಮೇಲೆ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಹತ್ತರಗಿಯ, ಸಂಕೇಶ್ವರದ, ಯಮಕನಮರಡಿಯ ಸದಸ್ಯರು ಮುಂದಿನ ವಾರ್ಷಿಕ ಮಹಾಸಭೆಯಲ್ಲೇ ಎತ್ತಬಹುದು. ಆ ಹಕ್ಕು ಅವರ ಷೇರಿನ ಜೊತೆಗೇ ಬಂದಿದೆ.